ಕಳಲಾವಿಯ ಬುಡದಲ್ಲೇನಿದೆ?

ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ ಸೇರಿತ್ತಲ್ಲ, ಅದರ ಮರುವರ್ಷದ ಶ್ರಾವಣ. ಖಾನಾಪುರದ ತಂಗಿಯ ಮನೆಯಿಂದ ಆಗಷ್ಟೇ ರೈಲಿನಲ್ಲಿ ಬಂದಿಳಿದಿದ್ದ ತಾರಾಬಾಯಿ, ಸೀರೆಯ ನೆರಿಗೆಗೆ ಹತ್ತಿದ ಕೆಸರನ್ನೂ ತೊಳೆಯದೆ, ನಡುಮನೆಯಲ್ಲಿ ನಿಂತು ಶಪಥ ಮಾಡಿದಳು.

"ಬರೂ ವರ್ಷ ಚಾತುರ್ಮಾಸಕ್ಕ ಮುನಿಮಹಾರಾಜರು ನಮ್ಮ ಊರಿಗೆ ಬರತಾರ. ಅವರು ನಮ್ಮ ಬಾಗಲಾಗ ನಿಲ್ಲಲಿಲ್ಲಂದ್ರ ನನ್ನ ಹೆಸರು ತಾರಾಬಾಯಿನ ಅಲ್ಲ!"

"ಮತ್ತೇನು ಹೆಸರಿಡೂಣು?" ಎಂದ ಗಂಡ ಪಾಯಪ್ಪ, ರುಮಾಲು ಸುತ್ತಿಕೊಳ್ಳುತ್ತಾ. ಅವನಿಗೆ ಬಟ್ಟೆ ಅಂಗಡಿ ತೆರೆಯುವ ಹೊತ್ತಾಗಿತ್ತು.

ಈ ಶಪಥದ ಬೇರು ಹಳೆಯದು. ನಮ್ಮ ಜೈನ ಮುನಿಗಳು ದಿನಕ್ಕೆ ಒಂದೇ ಸಲ ಆಹಾರ ತೆಗೆದುಕೊಳ್ಳುವವರು. ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ಗುರುತು ನೆನೆದಿರುತ್ತಾರೆ. ಇಂಥ ಹಣ್ಣು ಕಂಡರೆ, ಇಂಥ ಕಲಶ ಕಂಡರೆ ಮಾತ್ರ ಆ ಮನೆಯ ಮುಂದೆ ನಿಲ್ಲುವುದು. ಕಾಣಲಿಲ್ಲವೋ, ಅವತ್ತು ಉಪವಾಸ. ಆ ಗುರುತು ಯಾವುದೆಂದು ನಿಂತ ಮೇಲೂ ಹೇಳುವುದಿಲ್ಲ. ಆಮೇಲೆ ಯಾರಾದರೂ ಕೇಳಿದರೆ ಹೇಳಿಯಾರು. ಹಾಗಾಗಿ ಗಲ್ಲಿಯ ಹೆಂಗಸರೆಲ್ಲ ತೋಚಿದ್ದನ್ನು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಐದು ವರ್ಷದ ಹಿಂದೆ ತಾರಾಬಾಯಿ ಬೆಳ್ಳಿ ತಟ್ಟೆಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದಳು. ಮಹಾರಾಜರು ಅವಳನ್ನು ದಾಟಿ ಬಾಜೂ ಮನೆಯ ಶಾಂತಮ್ಮನ ಮುಂದೆ ನಿಂತರು. ಶಾಂತಮ್ಮನ ಕೈಯಲ್ಲಿ ಇದ್ದದ್ದೇನು? ಒಂದು ಲಿಂಬೆಹಣ್ಣು! ಅದೂ ಒಣಗಿದ್ದು!

ಆ ಲಿಂಬೆಹಣ್ಣು ತಾರಾಬಾಯಿಯ ಎದೆಯಲ್ಲಿ ಐದು ವರ್ಷ ಹುಳಿ ಹಿಂಡಿತ್ತು. ಈಗ ಖಾನಾಪುರದ ಬೇಲಿಯ ಮೇಲೆ ಅದಕ್ಕೆ ಮದ್ದು ಸಿಕ್ಕಿತ್ತು. ಒಂದು ಕಾಡುಬಳ್ಳಿ. ಎಲೆಯ ತುದಿಯೇ ಬೆರಳಿನಂತೆ ಸುರುಳಿ ಸುತ್ತಿ ಸಿಕ್ಕದ್ದನ್ನೆಲ್ಲ ಹಿಡಿದು ಮೇಲೇರುತ್ತದೆ. ಹೂವೋ, ಆರು ಎಸಳೂ ಮೇಲಕ್ಕೆ ತಿರುಗಿ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಥೇಟ್ ಉರಿಯುವ ಬೆಂಕಿ! ಕೆಲವರು ಅದನ್ನೇ ಗೌರಿ ಹೂವು ಅನ್ನುತ್ತಾರೆ.

"ಕ್ಯಾಂಪಿನ ಗೋರಾ ಸಾಹೇಬರ ಬಂಗಲೇದಾಗೂ ಅಂಥ ಹೂವ ಇಲ್ಲ. ಅದನ್ನ ನಮ್ಮ ಬಾಗಲಕ್ಕ ತೋರಣ ಹಬ್ಬಸತೀನಿ" ಎಂದಳು.

"ಯಾರೂ ಕಾಣದ ಹೂವನ್ನ ಮಹಾರಾಜರು ಮನಸ್ಸಿನ್ಯಾಗ ಹೆಂಗ ನೆನಸತಾರ?" ಎಂದ ಪಾಯಪ್ಪ.

"ನೀವು ಅಂಗಡಿಗೆ ಹೋಗ್ರಿ!"

ವಾರಕ್ಕೊಮ್ಮೆ ಖಾನಾಪುರದಿಂದ ಊಟದ ಮುತ್ತಲ ಎಲೆ ಹೊತ್ತು ತರುತ್ತಿದ್ದ ಮಾಯಕ್ಕ, ಮುಂದಿನ ವಾರವೇ ಮಣ್ಣಿನ ಹೆಂಟೆ ಸಮೇತ ಒಂದು ಬಳ್ಳಿಯನ್ನು ಎಲೆಯಲ್ಲಿ ಸುತ್ತಿ ತಂದಳು. ಕೊಡುವ ಮುಂಚೆ ಒಮ್ಮೆ ಅನುಮಾನಿಸಿದಳು.

"ಅವ್ವಾರ, ನಮ್ಮ ಕಡೆ ಇದಕ್ಕ ಕಳಲಾವಿ ಅಂತಾರ್ರಿ. ಮನ್ಯಾಗ ತಂದ್ರ ಗಂಡಾ ಹೆಂಡತಿಗೆ ಜಗಳಾ ಹಚ್ಚತೈತಿ ಅಂತಾರ."

"ತಗೋ ತಗೋ. ನಮ್ಮ ಮನ್ಯಾಗ ಅದಕ್ಕ ಮಾಡಾಕ ಕೆಲಸಾನ ಉಳದಿಲ್ಲ" ಎಂದ ಪಾಯಪ್ಪ.

ಬಳ್ಳಿ ಕುಂಡದಲ್ಲಿ ನಿಂತಿತು. ನಾಲ್ಕು ಹೂವೂ ಬಿಟ್ಟಿತು. ತಾರಾಬಾಯಿ ಗಲ್ಲಿಯವರನ್ನೆಲ್ಲ ಕರೆದು ತೋರಿಸಿದಳು. ಆದರೆ ದಸರೆ ಮುಗಿಯುವ ಹೊತ್ತಿಗೆ ಎಲೆ ಹಳದಿಯಾಯಿತು, ಕಾಂಡ ಒಣಗಿತು, ದೀಪಾವಳಿಗೆ ಕುಂಡದಲ್ಲಿ ಬರೀ ಮಣ್ಣು! ಅವಳು ನೀರು ಹಾಕಿದಳು. ಮಜ್ಜಿಗೆ ಹಾಕಿದಳು. ಅಕ್ಕಿ ತೊಳೆದ ನೀರು ಹಾಕಿ, ಕುಂಡದ ಮುಂದೆ ಕೂತು ಣಮೋಕಾರ ಮಂತ್ರವನ್ನೂ ಹೇಳಿದಳು. ಕುಂಡ ಪಿಟ್ಟೆನ್ನಲಿಲ್ಲ.

"ಸತ್ತಿಲ್ಲರಿ, ಮಲಗೈತಿ" ಎಂದಳು ಮಾಯಕ್ಕ. "ನೀರು ಹಾಕಬ್ಯಾಡ್ರಿ, ಕೊಳಿತೈತಿ. ನೆರಳಾಗ ಇಟ್ಟು ಮರತಬಿಡ್ರಿ. ಬ್ಯಾಸಗಿ ಮುಗದು ಮಿರಗದ ಮಳಿ ಬಿತ್ತಂದ್ರ ತಾನ ಏಳತೈತಿ."

ಮರೆತುಬಿಡಬೇಕಂತೆ! ಅದೂ ತಾರಾಬಾಯಿಗೆ ಹೇಳುವ ಮಾತೇ? ಮುಚ್ಚಿದ್ದನ್ನು ತೆರೆಯದೆ ಇದ್ದ ಒಂದು ದಿನ ಆಕೆಯ ಜನ್ಮದಲ್ಲಿಲ್ಲ. ಗೋಡೆ ಗಡಿಯಾರದೊಳಗೆ ಗಂಟೆ ಹೊಡೆಯುವವರು ಯಾರೆಂದು ಹಿಂಬದಿ ಬಿಚ್ಚಿ ನೋಡಿದ ಮೇಲೆ ಅದು ಮಧ್ಯಾಹ್ನಕ್ಕೆ ಹದಿನಾಲ್ಕು ಹೊಡೆಯುತ್ತಿತ್ತು. ಇನ್ನು ಮಣ್ಣಿನಡಿ ಒಂದು ಗಿಡ ಏಳು ತಿಂಗಳು ಮಲಗುತ್ತದೆ ಎಂದರೆ! ಹೇಗೆ ಮಲಗಿದೆ? ಮಗ್ಗುಲಾಗಿಯೋ, ಅಂಗಾತವೋ? ಉಸಿರಾಡುತ್ತದೆಯೋ? ದಿನಾ ಕುಂಡಕ್ಕೆ ಕಿವಿಗೊಟ್ಟು ನೋಡಿದಳು. ಪಾಯಪ್ಪ ಕಂಡು, "ಗೊರಕಿ ಹೊಡ್ಯಾಕತ್ತೈತೇನು?" ಎಂದ.

ಮಾಘದ ತನಕ ತಡೆದಳು. ಅಷ್ಟು ತಡೆದದ್ದಕ್ಕೇ ಅವಳನ್ನು ಮೆಚ್ಚಬೇಕು. ಒಂದು ಮಧ್ಯಾಹ್ನ ಗಂಡ ಅಂಗಡಿಗೆ ಹೋದ ಮೇಲೆ, ಒಲೆಯ ಬೂದಿ ತೆಗೆಯುವ ಸಲಿಕೆ ತಂದು, "ಬರೇ ಒಂದು ಬಟ್ಟು ಮಣ್ಣು ಸರಿಸಿ ನೋಡೂಣು" ಎಂದುಕೊಂಡಳು. ಒಂದು ಬೆರಳು ಎರಡಾಯಿತು, ಗೇಣಾಯಿತು. ಸಲಿಕೆಗೆ ಏನೋ ತಾಗಿ, ಲಟಕ್!

ಎತ್ತಿ ನೋಡುತ್ತಾಳೆ: ಬೆಳ್ಳಗೆ, ದುಂಡಗೆ, ರಸ ತುಂಬಿಕೊಂಡ ಬೆರಳುದ್ದದ ಗಡ್ಡೆ!

"ಅಯ್ಯಯ್ಯಪ್ಪಾ!" ಎಂದು ಕಿರುಚಿದ ಸದ್ದು ಕೋಟೆಯ ತನಕ ಕೇಳಿರಬೇಕು.

ಯಾಕೆಂದರೆ, ಗಡ್ಡೆ! ಕಂದಮೂಲ! ಒಂದೊಂದು ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವ ಎಂದು ಜೈನರು ಮುಟ್ಟದ ವಸ್ತು. ಅದರಲ್ಲೂ ತಾರಾಬಾಯಿಯ ಮನೆ! ಏಳು ತಲೆಮಾರಿನಿಂದ ಬಟಾಟಿ, ಉಳ್ಳಾಗಡ್ಡಿ, ಗಜ್ಜರಿ ಹೊಸ್ತಿಲು ದಾಟಿಲ್ಲ ಎಂದು ಹೆಮ್ಮೆ ಪಡುವವಳು. ಶಾಂತಮ್ಮನ ಮಗ ಒಮ್ಮೆ ಕ್ಯಾಂಪಿನ ಹೋಟೆಲಿನಲ್ಲಿ ಬಟಾಟಿ ಭಜಿ ತಿಂದನೆಂಬ ಸುದ್ದಿ ಬಂದಾಗ, ಒಂದು ತಿಂಗಳು ಆ ಮನೆಯ ನೀರು ಕುಡಿದಿರಲಿಲ್ಲ. ಈಗ ನೋಡಿದರೆ, ಅಕ್ಕಿ ತೊಳೆದ ನೀರೆರೆದು, ಮಂತ್ರ ಹೇಳಿ, ಮಗುವಿನಂತೆ ಸಾಕಿದ್ದು ಗಡ್ಡೆಯನ್ನು!

ಹಿತ್ತಿಲ ಗೋಡೆಯ ಮೇಲೆ ಶಾಂತಮ್ಮನ ತಲೆ ಮೂಡಿತು. "ಏನಾತ ತಾರಕ್ಕಾ?"

ತಾರಾಬಾಯಿ ಗಡ್ಡೆಯನ್ನು ಸೆರಗಿನೊಳಗೆ ತುರುಕಿದಳು. "ಏನಿಲ್ಲ. ಇಲಿ."

"ಇಲಿ? ಕೈಯಾಗ ಸಲಿಕಿ ಐತಿ. ಕೊಂದಿ ಏನು?"

"ಛೀ ಛೀ! ಬಿಡ್ತು ಅನ್ನು!"

"ಮತ್ತ ಸೆರಗಿನ್ಯಾಗ ಏನೈತಿ?"

"...ಇಲಿನ. ಮೂರ್ಛಾ ಹೋಗೈತಿ."

ಸಂಜೆಯೊಳಗೆ ಗಲ್ಲಿಗೆಲ್ಲ ಸುದ್ದಿ: ತಾರಾಬಾಯಿ ಇಲಿಗೆ ಸಲಿಕೆಯಿಂದ ಹೊಡೆದು, ಸೆರಗಿನಲ್ಲಿ ಸುತ್ತಿಕೊಂಡು ಅತ್ತಳಂತೆ! ಬಸದಿಯ ಪಂಡಿತರು ಅಂಗಡಿಗೇ ಬಂದು ಪಾಯಪ್ಪನನ್ನು, "ಜೀವ ಐತೋ ಹೋತೋ?" ಎಂದು ಕೇಳಿದರು. ಏನೂ ತಿಳಿಯದ ಪಾಯಪ್ಪ, "ನಾ ಬರೂ ಮುಂದ ಛಲೋ ಇದ್ದಳ್ರಿ" ಎಂದ.

ಅವನು ಮನೆಗೆ ಬಂದಾಗ ಹೆಂಡತಿ ಗಡ್ಡೆಯನ್ನು ಮುಂದಿಟ್ಟುಕೊಂಡು ಕೂತಿದ್ದಳು.

"ಇದನ್ನೇನು ಮಾಡೂಣ್ರಿ? ಮನ್ಯಾಗ ಇಟ್ರ ಗಡ್ಡಿ ಮನಿ ಅನಸತೈತಿ. ಒಗದ್ರ ಹಿಂಸಾ."

"ಯಾರಿಗರ ಕೊಡು."

"ತಗೊಂಡವರು ಬೇಯಿಸಿ ತಿಂದ್ರ ಪಾಪ ನಮಗ!"

"ಹಂಗಾದ್ರ ದೇವರ ಕೋಣ್ಯಾಗ ಕೂಡಿಸಿ ಆರತಿ ಬೆಳಗು" ಎಂದು ಅವನು ಕೈಕಾಲು ತೊಳೆಯಲು ಎದ್ದ. ಕಳಲಾವಿ ತನ್ನ ಕೆಲಸ ಶುರು ಮಾಡಿತ್ತು. ಎರಡು ದಿನ ಆ ಮನೆಯಲ್ಲಿ ಮಾತಿಲ್ಲ.

ಸಂತೆಯ ದಿನ ಮಾಯಕ್ಕ ಬಂದಳು. "ನೀ ಗಡ್ಡಿ ಐತಂತ ಯಾಕ ಹೇಳಲಿಲ್ಲ?" ಎಂದು ತಾರಾಬಾಯಿ ಹಾರಿಬಿದ್ದಳು.

"ನೀವು ಹೂವ ಬೇಡಿದ್ರಿ, ಹೂವ ಕೊಟ್ಟೆ. ಬುಡದಾಗ ಏನೈತಂತ ಕೇಳಿದ್ರೇನ್ರಿ? ಮೊದಲ ಕೈ ತೊಳಕೋರಿ, ಅದು ವಿಷ. ಅಲ್ರೀ ಅವ್ವಾರ, ಗಲ್ಲಕ್ಕ ಅರಿಷಿಣ ಹಚಗೊಂಡೀರಿ, ಅದೂ ಗಡ್ಡೀನ ಅಲ್ಲೇನ್ರಿ?"

"ಅದು ಒಣಗಿದ್ದು! ಒಣಗಿದ್ದು ನಡೀತೈತಿ!"

"ಹಂಗಾರ ಇದನ್ನೂ ಒಣಗಸ್ರಿ."

"ಒಣಗಿಸಿದ್ರ ಹೂವ ಎಲ್ಲಿಂದ ಬರತಾವು?"

ಮಾಯಕ್ಕ ಗಡ್ಡೆಯನ್ನು ಎಲೆಯಲ್ಲಿ ಸುತ್ತಿ, ಬಂದ ಬೇಲಿಗೇ ಹೂಳುತ್ತೇನೆಂದು ಒಯ್ದಳು. ತಾರಾಬಾಯಿ ತಲೆಗೆ ಸ್ನಾನ ಮಾಡಿ, ನೆಲ ಸಾರಿಸಿ, ಎರಡು ಉಪವಾಸ ಮಾಡಿ ಹಗುರಾದಳು. ಹೂವೂ ಹೋಯಿತು, ತೋರಣವೂ ಹೋಯಿತು. ಆಗಲಿ, ಮನೆ ಶುದ್ಧವಾಯಿತಲ್ಲ!

ಆದರೆ ಕಳಲಾವಿಯ ಗಡ್ಡೆಗೆ ಎರಡು ತೋಳು, ನೇಗಿಲಿನಂತೆ. ಅವಳು ಲಟಕ್ಕೆಂದು ಮುರಿದು ತೆಗೆದದ್ದು ಒಂದು ತೋಳು. ಇನ್ನೊಂದು ಮಗ್ಗುಲಾಗಿ ಮಲಗಿಯೇ ಇತ್ತು!

ಮಿರಗದ ಮಳೆ ಬಿದ್ದ ಎಂಟನೇ ದಿನ ಕುಂಡದಲ್ಲಿ ಹಸಿರು ಮೂತಿ ಕಂಡಿತು. ತಾರಾಬಾಯಿ ನೋಡಿ, ಕಣ್ಣುಜ್ಜಿ ಮತ್ತೆ ನೋಡಿದಳು. ಹಿಗ್ಗಬೇಕೋ, ಹೆದರಬೇಕೋ? ಕಿತ್ತರೆ ಹಿಂಸೆ, ಬಿಟ್ಟರೆ ಗಡ್ಡೆ. ಇನ್ನೊಂದು ತಿಂಗಳಿಗೆ ಮಹಾರಾಜರು ಬರುವವರು! ಬಳ್ಳಿಗೆ ಮಾತ್ರ ಇದರ ಚಿಂತೆಯಿಲ್ಲ. ದಿನಕ್ಕೊಂದು ಗೇಣು ಏರಿತು. ಅವಳ ಮನಸ್ಸು ಬೇಡ ಅನ್ನುತ್ತಿತ್ತು, ಕೈ ಮಾತ್ರ ಕುಂಡವನ್ನು ಮುಂಬಾಗಿಲಿಗೆ ತಂದಿಟ್ಟು ದಾರ ಕಟ್ಟಿತು. ಶ್ರಾವಣಕ್ಕೆ ಬಾಗಿಲ ಚೌಕಟ್ಟಿನ ಸುತ್ತ ಇಪ್ಪತ್ತಮೂರು ಬೆಂಕಿ ಹೂವು!

"ಭಾರಿ ಆಗೈತಿ" ಎಂದಳು ಶಾಂತಮ್ಮ. "ಬುಡದಾಗ ಏನೈತಿ?"

"ಮಣ್ಣು!"

ಕೊನೆಗೂ ಆ ಬೆಳಿಗ್ಗೆ ಬಂತು. ಗಲ್ಲಿಯ ಎರಡೂ ಬದಿ ಬಾಗಿಲುಗಳಲ್ಲಿ ಜನ; ಕೈಯಲ್ಲಿ ಕಲಶ, ತೆಂಗು, ಬಾಳೆ, ಶಾಂತಮ್ಮನ ಕೈಯಲ್ಲಿ ಮತ್ತೆ ಲಿಂಬೆ. ಪಾಯಪ್ಪ ಮಹಾರಾಜರ ಪಾದ ತೊಳೆಯಲು ನೀರಿನ ತಂಬಿಗೆ ಹಿಡಿದು ನಿಂತಿದ್ದ. ತಾರಾಬಾಯಿಯ ಕೈಯಲ್ಲೂ ಒಂದು ಬೆಳ್ಳಿ ತಂಬಿಗೆ. ಈ ಸಲ ಮಹಾರಾಜರು ಶಾಂತಮ್ಮನ ಮನೆಯ ಕಡೆಯ ತಿರುವಿನಲ್ಲಿ ಕಂಡರು. ಅದೇ ಗಳಿಗೆಗೆ ಗಾಳಿ ಬೀಸಿ ಬಳ್ಳಿಯ ತುದಿ ಜೋತುಬಿತ್ತು!

"ಹಿಡೀರಿ ಇದನ್ನ!" ಎಂದು ತನ್ನ ತಂಬಿಗೆಯನ್ನೂ ಗಂಡನ ಇನ್ನೊಂದು ಕೈಗೆ ತುರುಕಿ, ಹೂವನ್ನು ಎರಡೂ ಕೈಯಿಂದ ಎತ್ತಿ ಹಿಡಿದು, "ನಮೋಸ್ತು, ನಮೋಸ್ತು, ತಿಷ್ಠ ತಿಷ್ಠ!" ಎಂದು ಕೂಗಿದಳು.

ಮಹಾರಾಜರು ತೆಂಗು ದಾಟಿದರು. ಬಾಳೆ ದಾಟಿದರು. ಲಿಂಬೆಯನ್ನೂ ದಾಟಿದರು! ತಾರಾಬಾಯಿಯ ಬಾಗಿಲಲ್ಲಿ ನಿಂತರು.

ಆಹಾರ ನಿರ್ವಿಘ್ನವಾಗಿ ಮುಗಿಯಿತು. ಮಣೆಯ ಮೇಲೆ ಕೂತ ಮಹಾರಾಜರು ಹೋಗುವ ಮುಂಚೆ ಏನಾದರೂ ನೇಮ ಕೊಡುವುದು, ಮನೆಯವರು ಒಂದು ವಸ್ತುವನ್ನು ಬಿಡುವುದು ರೂಢಿ. ತಾರಾಬಾಯಿ ಕೈಮುಗಿದು, ಆದರೆ ತಲೆಯನ್ನು ಮಾತ್ರ ಬಗ್ಗಿಸದೆ ಅಂದಳು:

"ಮಹಾರಾಜರ, ನನಗ ಬಿಡಾಕ ಏನೂ ಉಳದಿಲ್ಲರಿ. ರಾತ್ರಿ ಊಟ ಬಿಟ್ಟೀನಿ, ಬದನಿಕಾಯಿ ಬಿಟ್ಟೀನಿ, ಗಡ್ಡಿ ಅಂತೂ ನಮ್ಮ ಏಳು ತಲಿಯಿಂದ..."

ಅಲ್ಲಿಗೆ ನಾಲಿಗೆ ನಿಂತಿತು. ಮಹಾರಾಜರು ಬಾಗಿಲ ಕಡೆ ನೋಡುತ್ತಿದ್ದರು.

"ಹೂವ ಛಂದ ಅದ" ಎಂದರು. ಅವರೂ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. "ಇದರ ಬುಡದಾಗ ಗಡ್ಡಿ ಇರತದಲ್ಲ, ಬಾಯೀ?"

ಬಾಗಿಲಾಚೆ ಇಣುಕುತ್ತಿದ್ದ ಶಾಂತಮ್ಮನ ಕಿವಿ ನಿಮಿರಿತು. ಮುನಿಗಳ ಮುಂದೆ ಸುಳ್ಳು ಹೇಳುವುದುಂಟೇ? ತಾರಾಬಾಯಿ ಸಲಿಕೆ, ಸೆರಗು, ಮೂರ್ಛೆ ಹೋದ ಇಲಿ, ಎಲ್ಲವನ್ನೂ ಕಣ್ಣೀರಿನೊಂದಿಗೆ ಒಪ್ಪಿಸಿದಳು. "ಇಂಥಾ ಮನ್ಯಾಗ ನಿಮಗ ಆಹಾರ ಕೊಟ್ಟೆನ್ರಿ!"

ಮಹಾರಾಜರು ಕಣ್ಣಲ್ಲೇ ನಕ್ಕರು. "ನೀವೇನು ಅದನ್ನ ತಿಂದಿಲ್ಲ. ಅದರ ಪಾಡಿಗೆ ಅದು ಮಲಗಿತ್ತು. ಗಡ್ಡೀದು ತಪ್ಪಿಲ್ಲ, ಬಾಯೀ. ಎಬ್ಬಿಸಿ ಮುರದವರು ಯಾರು?"

ತಾರಾಬಾಯಿಯ ತಲೆ ಈಗ ಬಗ್ಗಿತು.

"ಬಿಡಾಕ ಏನೂ ಇಲ್ಲ ಅಂದ್ರಿ. ಒಂದು ಅದ. ದೀಪಾವಳಿ ತನಕ ಯಾರನ್ನೂ 'ಏನದು?' ಅಂತ ಕೇಳಬಾರದು. ತಾವಾಗಿ ಹೇಳಿದ್ದನ್ನಷ್ಟ ಕೇಳಬೇಕು. ಇದ ನಿಮ್ಮ ನೇಮ."

"ಆಗಲ್ರಿ" ಎಂದಳು. ಮಹಾರಾಜರು ಎದ್ದು ಹೊಸ್ತಿಲು ದಾಟಿದರು. ಆಗ ಅವಳಿಗೆ ನೆನಪಾಯಿತು. ಇಡೀ ವರ್ಷ ಕಾದ ಪ್ರಶ್ನೆ! ಅವರು ಮನಸ್ಸಿನಲ್ಲಿ ನೆನೆದದ್ದು ಏನು? ಹೂವೇ ತಾನೆ?

"ಮಹಾರಾಜರ, ಇವತ್ತ ನೀವು ಏನು ನೆನ..."

"ನೇಮ!" ಎಂದು ಕೆಮ್ಮಿದ ಪಾಯಪ್ಪ.

ಆ ಮೂರು ತಿಂಗಳು! ಉಪವಾಸ ಸುಲಭ, ಇದಲ್ಲ. ಅಂದು ಮಧ್ಯಾಹ್ನ ಬಸದಿಯಲ್ಲಿ ಯಾರೋ ಕೇಳಿದ್ದಕ್ಕೆ ಮಹಾರಾಜರು ತಮ್ಮ ಗುರುತು ಯಾವುದೆಂದು ಹೇಳಿಬಿಟ್ಟರಂತೆ. ತಾರಾಬಾಯಿ ಆಗ ಪಾತ್ರೆ ತೊಳೆಯುತ್ತಿದ್ದಳು. ಗಲ್ಲಿಗೆಲ್ಲ ಗೊತ್ತು, ಅವಳಿಗೆ ಗೊತ್ತಿಲ್ಲ! ಶಾಂತಮ್ಮ ಗೋಡೆಯ ಮೇಲಿಂದ, "ಹೇಳಲೇನ ತಾರಕ್ಕಾ?" ಎನ್ನುವಳು, ಇವಳು ಉಸಿರು ಬಿಗಿಹಿಡಿದು ನೋಡುವಳು, "ಬ್ಯಾಡ ಬಿಡು, ನಿನ್ನ ನೇಮ ಕೆಡತೈತಿ" ಎಂದು ಅವಳು ಇಳಿದುಬಿಡುವಳು. ಖಾನಾಪುರದಿಂದ ತಂಗಿಯ ಕಾಗದ ಬಂದರೆ ಪಾಯಪ್ಪ ಮನಸ್ಸಿನಲ್ಲೇ ಓದಿ, ಒಂದು ಸಲ ನಕ್ಕು, ಮಡಚಿ ಜೇಬಿಗೆ ಇಡುವನು. ಬಳ್ಳಿ ಒಣಗಿತು, ಮಲಗಿತು. ತಾರಾಬಾಯಿ ಕುಂಡವನ್ನು ನೆರಳಿಗಿಟ್ಟಳು. ಮುಟ್ಟಲಿಲ್ಲ, ಕಿವಿಗೊಡಲೂ ಇಲ್ಲ.

ದೀಪಾವಳಿಯ ಬೆಳಿಗ್ಗೆ, ಬಸದಿಯಲ್ಲಿ ನಿರ್ವಾಣ ಪೂಜೆ ಮುಗಿದದ್ದೇ ತಡ, ಪ್ರಸಾದವನ್ನೂ ಬಾಯಿಗೆ ಹಾಕಿಕೊಳ್ಳದೆ ಗಂಡನ ತೋಳು ಹಿಡಿದಳು.

"ಹೇಳ್ರಿ! ಮಹಾರಾಜರು ಅವತ್ತ ಏನು ನೆನಸಿದ್ರು? ಹೂವ ಹೌದಲ್ಲೋ?"

"ಹೂವ? ಹೂವ ಅವರು ನೋಡಿದ್ದು ಊಟ ಆದ ಮ್ಯಾಲ" ಎಂದ ಪಾಯಪ್ಪ. "ಎರಡೂ ಕೈಯಾಗ ತಂಬಗಿ ಹಿಡದ ಗಂಡಸು ಕಂಡ್ರ ನಿಲ್ಲೂದಂತ ನೆನಸಿದ್ರಂತ. ಇಡೀ ಗಲ್ಲ್ಯಾಗ ಅಂಥಾ ಹುಚ್ಚ ನಾ ಒಬ್ಬನ!"

ತಾರಾಬಾಯಿ ಬಸದಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಮೂರು ತಿಂಗಳು ಬಾಜೂನ ಕೂತು ಊಟ ಮಾಡಿದ್ರಲ್ಲ, ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ನೀ ಕೇಳಲೇ ಇಲ್ಲಲ್ಲ!" ಎಂದು ಪಾಯಪ್ಪ ಅವಳ ಪ್ರಸಾದವನ್ನೂ ತಾನೇ ಬಾಯಿಗೆ ಹಾಕಿಕೊಂಡ.