ವನಗೂರಿನ ಕೆಂಪು ಸೀರೆ

ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದು ಊರೂರು ಅಲೆದವನು ನಾನು. ಅಂಥವನನ್ನು ಕೈಮಗ್ಗ ಇಲಾಖೆಯವರು ನೇಯ್ಗೆ ಮೇಷ್ಟ್ರು ಮಾಡಿದ ಮೇಲೆ ಇಂಥ ಫಜೀತಿಗಳು ಆಗದೆ ಇರುತ್ತವೆಯೇ? ತೊಂಬತ್ತರ ದಶಕದಲ್ಲಿ, ವನಗೂರಿನ ಒಂದು ಎಸ್ಟೇಟಿನ ಹಳೇ ಸ್ಟೋರಿನಲ್ಲಿ ನನ್ನ ಮಗ್ಗ ನಿಂತಿತು. ಕಲಿಯುವವರು ತೋಟದ ಕೂಲಿಯವರ ಲೈನ್ ಮನೆಗಳ ಹೆಂಗಸರು. ಕಾಫಿ ಕೊಯ್ಲು ಮುಗಿದರೆ ಅವರ ಕೈಗೆ ಕೆಲಸವಿಲ್ಲ, ಮಗ್ಗದ ಮೇಲೇ ಆಸೆ. ಆದರೆ ಇಲಾಖೆಯ ಸಾಹೇಬರದು ಒಂದು ಷರತ್ತು: ಯುಗಾದಿಯೊಳಗೆ ಮಗ್ಗದಿಂದ ಒಂದು ಸೀರೆ ಇಳಿದರೆ ಮಗ್ಗ ಇಲ್ಲೇ, ಇಲ್ಲದಿದ್ದರೆ ವಾಪಸ್ ಹಾಸನಕ್ಕೆ.

ಗಂಜಿಯ ರುಚಿ

ಮಗ್ಗದಲ್ಲಿ ಉದ್ದಕ್ಕೆ ಎಳೆದು ಬಿಗಿಯುವ ನೂಲಿಗೆ ಹಾಸು ಅಂತಾರೆ. ಹಾಸಿನ ಕೆಂಪು ನೂಲಿಗೆ ಗಂಜಿ ತಿಕ್ಕಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕಾಲು ಹಿಡಿದು, ಕಾಫಿ ಒಣಗಿಸುವ ಕಣದಲ್ಲಿ ಹರವಿದೆವು. ಊಟ ಮಾಡಿ ಬರುವಷ್ಟರಲ್ಲಿ ಒಂದು ಹಸು ಅರ್ಧ ಗಂಜಿ ನೆಕ್ಕಿ ನಿಂತಿತ್ತು. ಹಸುವಿನ ಯಜಮಾನನನ್ನು ಕರೆಸಿ ರೇಗಿದೆ. ಅವನು ಉಳಿದರ್ಧ ಮುಟ್ಟಿ, ಬೆರಳು ನೆಕ್ಕಿ ನೋಡಿ ನನಗೇ ಬುದ್ಧಿ ಹೇಳಿದ:

“ಉಪ್ಪು ಹಾಕಿಲ್ವಾ ಮೇಷ್ಟ್ರೆ? ಅದ್ಕೇ ಅರ್ಧಕ್ಕೇ ಬುಟ್ಬುಟ್ಟೈತೆ. ನಮ್ ಹಸ ಭಾರಿ ನಾಜೂಕು ಕಣ್ರೀ.”

ಸದ್ದಿಲ್ಲದ ನೇಯ್ಗೆ

ಮತ್ತೆ ಗಂಜಿ ತಿಕ್ಕಿ ನೇಯಲು ಕೂತೆವು. ನಾನು ನೂಲು ತರಲು ಸಕಲೇಶಪುರಕ್ಕೆ ಹೋಗಿದ್ದ ದಿನ ಎಸ್ಟೇಟ್ ಮಾಲೀಕರ ಬಂಗಲೆಯ ಅಮ್ಮಾವ್ರು ಹೇಳಿ ಕಳಿಸಿದರಂತೆ: “ಯಜಮಾನರು ಮಲಗಿದ್ದಾರೆ, ಟಕಟಕ ಅನ್ನದ ಹಾಗೆ ನೇಯಿರಿ.” ಅಡ್ಡನೂಲನ್ನು ಬಡಿದು ಕೂರಿಸದೆ ಬಟ್ಟೆ ಎಲ್ಲಿಂದ ಬರಬೇಕು? ಹೆಂಗಸರು ಪಾಪ, ಬಂಗಲೆ ಮಾತು ಮೀರದೆ, ಬಡಿಯದೇ ನೇಯ್ದಿದ್ದರು. ಎಲ್ಲಿ ಮುಟ್ಟಿದರೂ ಬೆರಳು ತೂರುತ್ತಿತ್ತು. ಸಂಜೆ ಅಮ್ಮಾವ್ರೇ ಬಂದು ಹಿಡಿದು ನೋಡಿದರು.

“ಸೊಳ್ಳೆಪರದೆ ನೇಯ್ತಿದೀರಿ ಅಂತ ಮೊದಲೇ ಹೇಳಬಾರದಾಗಿತ್ತೇ? ನಮಗೂ ಒಂದು ಇರಲಿ!”

ಉದ್ಘಾಟನೆ

ಅದನ್ನೆಲ್ಲ ಬಿಚ್ಚಿ, ಯಜಮಾನರು ಎದ್ದಿರುವ ಹೊತ್ತು ನೋಡಿಕೊಂಡು ಬಡಿದು ಬಡಿದು ನೇಯ್ದೆವು. ಯುಗಾದಿ ಹತ್ತಿರ ಬಂತು, ಅರ್ಧ ಸೀರೆ ಆಯಿತು. ಆಗ ಸಾಹೇಬರಿಗೆ ನೆನಪಾಯಿತು, ಕೇಂದ್ರದ ಉದ್ಘಾಟನೆಯೇ ಆಗಿಲ್ಲ! ಒಬ್ಬ ಪುಢಾರಿಯನ್ನು ಜೀಪಿನಲ್ಲಿ ಕರೆತಂದರು. ತಟ್ಟೆಯಲ್ಲಿ ಕತ್ತರಿ ಇತ್ತು, ಬಾಗಿಲಿಗೆ ಟೇಪು ಕಟ್ಟುವುದೇ ಮರೆತುಹೋಗಿತ್ತು. ಪುಢಾರಿ ಕತ್ತರಿ ಹಿಡಿದು ಒಳಗೆ ಬಂದರು. ಅತ್ತಿತ್ತ ನೋಡಿದರು. ಮಗ್ಗದ ಮೇಲೆ ಕೆಂಪಗೆ ಬಿಗಿದಿದ್ದ ಹಾಸು ಕಣ್ಣಿಗೆ ಬಿತ್ತು.

ಕಚಕ್!

ನಾನು “ಅಯ್ಯೋ” ಅಂದದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಫೋಟೋದವನು ಕೂಗಿದ, “ಸಾರ್, ಫ್ಲ್ಯಾಶ್ ಬೀಳ್ಲಿಲ್ಲ, ಇನ್ನೊಂದ್ಸಲ!” ಪುಢಾರಿ ಉಳಿದಿದ್ದ ನೂಲನ್ನೂ ಕತ್ತರಿಸಿದರು, ಈ ಸಲ ನಗುತ್ತಾ.

“ನಾಳೆಯೇ ಯುಗಾದಿ, ಪೂರ್ತಿ ಸೀರೆ ಇಳಿದಿಲ್ಲವಲ್ಲ, ಷರತ್ತು ಷರತ್ತೇ,” ಅಂದರು ಸಾಹೇಬರು.

“ಕುಯ್ದವ್ರು ಅವ್ರು, ಮಗ್ಗ ಹೋಗದು ನಮ್ದಾ?” ಅಂದಳು ಒಬ್ಬಳು ಮುದುಕಿ. ಅವಳ ಬೆನ್ನ ಹಿಂದೆ ಸಾಹೇಬರ ಜನ ಆಗಲೇ ಮಗ್ಗ ಬಿಚ್ಚಿ ಜೀಪಿಗೆ ಏರಿಸುತ್ತಿದ್ದರು. ಮುಂದೆ ಪುಢಾರಿ ಮೈಕು ಹಿಡಿದಿದ್ದರು:

“ಇಂಥ ಮಗ್ಗ ಊರೂರಿಗೂ ಬರ್ಬೇಕು! ಎಲ್ಲಿಗೇ ಬರ್ಲಿ, ಕತ್ತರಿ ಹಿಡ್ಕಂಡು ನಾನೇ ಖುದ್ದಾಗಿ ಬರ್ತೀನಿ!”