ನಿಶ್ಚಿತಾರ್ಥಕ್ಕೊಂದು ಘಾನಾ ತಾಳ

ಗೊತ್ತಿದ್ದವರು ಪಕ್ಕದಲ್ಲೇ ಕೂತಿದ್ದರೂ ಗೊತ್ತಿಲ್ಲದವರನ್ನೇ ಹುಡುಕಿಕೊಂಡು ಹೋಗಿ ಕೇಳುವ ಚಟ ನಮಗಿರುವ ತನಕ ಇಂಥ ಪ್ರಸಂಗಗಳಿಗೆ ಬರವಿಲ್ಲ.

ತೊಂಬತ್ತರ ದಶಕದ ಕೊನೆ. ಲಂಡನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಅಲ್ಲೇ ಕನ್ಸಲ್ಟೆಂಟ್ ಆಗಿದ್ದ ಮೈಸೂರಿನ ಡಾಕ್ಟರು ಒಂದು ದಿನ ನನ್ನನ್ನು ಹಿಡಿದುಕೊಂಡರು.

"ಮಗಳ ನಿಶ್ಚಿತಾರ್ಥ ಕಣಯ್ಯಾ. ಬೀಗರಾಗೋರು ಧಾರವಾಡದ ಸರ್ಜನ್ನು. ಇಲ್ಲಿಗೆ ಬರೋ ಮುಂಚೆ ಹತ್ತು ವರ್ಷ ಘಾನಾದಲ್ಲಿದ್ರಂತೆ. ಅಲ್ಲಿನ ಸಂಗೀತ ಅಂದ್ರೆ ಪ್ರಾಣವಂತೆ. ನೀನು ಮೃದಂಗ ಕಲಿತೋನು, ಏನಾದ್ರೂ ಆಫ್ರಿಕನ್ ಏರ್ಪಾಟು ಮಾಡು. ಹೆಚ್ಚುಕಮ್ಮಿ ಆದ್ರೆ ಈ ಸಂಬಂಧವೇ ಕೈಬಿಟ್ಟುಹೋಗುತ್ತೆ, ನೋಡು."

ನನ್ನ ಮೃದಂಗಕ್ಕೆ ಆರೇ ತಿಂಗಳಲ್ಲಿ ಗುರುಗಳು ಕೈಮುಗಿದಿದ್ದರು. ಆದರೂ ಹೂಂ ಅಂದೆ.

೧. ಒಂದೇ ಡಬ್ಬಿ

ಮೊದಲು ಕೌನ್ಸಿಲ್ ಲೈಬ್ರರಿಗೆ ಹೋದೆ. ಇಂಗ್ಲಿಷರ ಜಾನಪದ ಹಾಡುಗಳಿಗೆ ಎರಡು ಕಪಾಟು, ಒಂದೊಂದು ಜಿಲ್ಲೆಗೂ ಒಂದೊಂದು ಖಾನೆ. ಆಫ್ರಿಕಾದ ಇಡೀ ಖಂಡಕ್ಕೆ ಮಾತ್ರ ಒಂದೇ ಡಬ್ಬಿ. ಅದನ್ನೂ ಇಟ್ಟಿದ್ದು ಪ್ರಾಣಿಗಳ ಕೂಗಿನ ಸಿ.ಡಿ.ಗಳ ಪಕ್ಕದಲ್ಲಿ.

ನಮ್ಮ ಆಸ್ಪತ್ರೆಯಲ್ಲಿ ಘಾನಾದ ಸಿಸ್ಟರ್ ಒಬ್ಬರಿದ್ದರು. ಅವರ ಮುಂದೆ ಕೆಂಡ ಕಾರಿದೆ. ಅವರು ನಕ್ಕರು.

"ಕಾಂಗೋದ ಗಿಟಾರ್ ಬೇರೆ, ಮಾಲಿಯ ತಂತಿವಾದ್ಯ ಬೇರೆ. ನಮ್ಮ ಘಾನಾದಲ್ಲೇ ಕರಾವಳಿಯವರ ಡೋಲಿನ ದಾರಿ ಒಂದು, ಉತ್ತರದವರದು ಇನ್ನೊಂದು. ಅದಿರಲಿ, ನಿಮ್ಮ ಮನೆಯಲ್ಲಿ ಆಫ್ರಿಕಾದ ಕ್ಯಾಸೆಟ್ ಎಷ್ಟಿವೆ?"

ನಮ್ಮ ಮನೆಯಲ್ಲಿ ಡಬ್ಬಿಯೂ ಇರಲಿಲ್ಲ.

೨. ಎಲ್ಲವೂ ಮೋಹನ

ವೆಂಬ್ಲಿಯ ಒಂದು ಕ್ಯಾಸೆಟ್ ಅಂಗಡಿಗೆ ಹೋಗುವಾಗ ಡಾಕ್ಟರೂ ಜೊತೆಗೆ ಬಂದರು. ಅಂಗಡಿಯ ಗುಜರಾತಿ ಭಾಯಿ ಮೊಂಬಾಸಾದಲ್ಲಿ ಹುಟ್ಟಿ ಬೆಳೆದವನು. ಕಾಂಗೋದ ಗಿಟಾರ್ ಹಾಕಿದ. ಡಾಕ್ಟರು ತೊಡೆ ತಟ್ಟಿದರು. "ಮೋಹನ ರಾಗ! ನಮ್ಮಿಂದಲೇ ಹೋಗಿರೋದು." ಜಾಂಜಿಬಾರಿನ ಹಾಡು ಹಾಕಿದ. "ಇದೂ ಮೋಹನವೇ, ಸಮುದ್ರ ದಾಟುವಾಗ ಸ್ವಲ್ಪ ಕೆಟ್ಟಿದೆ."

ಭಾಯಿ ಮೂರನೆಯದನ್ನು ಹಾಕಿದ. ಡಾಕ್ಟರ ಕಣ್ಣು ಮುಚ್ಚಿಹೋಯಿತು. "ಇದು ನೋಡು, ಅಪ್ಪಟ ಆಫ್ರಿಕಾ! ನಮ್ಮ ಸೋಂಕೇ ಇಲ್ಲ. ಕಾಡಿನ ನಾಡಿ ಕೇಳಿಸ್ತಿದೆ."

"ಡಾಕ್ಟರ್ ಸಾಬ್," ಅಂದ ಭಾಯಿ, "ಅದು ನಮ್ಮತ್ತೆ. ಹೋದ ನವರಾತ್ರಿಯಲ್ಲಿ ಇಲ್ಲೇ ವೆಂಬ್ಲಿಯಲ್ಲಿ ಗರ್ಬಾ ಹಾಡಿದ್ದು."

೩. ಮೇಷ್ಟ್ರ ಸರ್ಟಿಫಿಕೇಟು

ಕಡೆಗೆ ಕೊಲಿಂಡೇಲಿನಲ್ಲಿ ಆಫ್ರಿಕನ್ ಡೋಲಿನ ಸಂಜೆ ಕ್ಲಾಸು ಸೇರಿದೆ. ಮೇಷ್ಟ್ರು ಇಂಗ್ಲೆಂಡಿನವರು. ಮೂರು ವಾರ ಘಾನಾದಲ್ಲಿದ್ದು ಬಂದಿದ್ದರು. ಮೈಮೇಲೆ ಕಣ್ಣು ಕುಕ್ಕುವ ಅಂಗಿ, ಗೋಡೆಯ ಮೇಲೆ ಸರ್ಟಿಫಿಕೇಟು. ನಾನು ಬೆರಳು ಮಡಚಿ ತಾಳ ಎಣಿಸಿದರೆ ರೇಗುತ್ತಿದ್ದರು. "ಎಣಿಸಬೇಡ, ಭೂಮಿಯ ಎದೆಬಡಿತ ಕೇಳು!" ಕಾಲಡಿ ಇದ್ದದ್ದು ಕೌನ್ಸಿಲ್ ಕಾರ್ಪೆಟ್ಟು. ನನಗೆ ಕೇಳಿಸಿದ್ದು ಹೊರಗೆ ಹೋಗುತ್ತಿದ್ದ ಟ್ಯೂಬ್ ರೈಲಿನ ಗಡಗಡ.

ಒಂದು ಸಂಜೆ ಸಿಸ್ಟರ್ ನನ್ನ ಜೊತೆ ಬಂದು ಚಪ್ಪಾಳೆ ಹಾಕುತ್ತ ಕೂತರು. ಮೇಷ್ಟ್ರು ಎರಡು ಸಲ ತಿದ್ದಿದರು. ಮೂರನೇ ಸಲ ಮೃದುವಾಗಿ ಹೇಳಿದರು: "ಆಫ್ರಿಕನ್ ಲಯ ಎಲ್ಲರಿಗೂ ಹಿಡಿಯೋದಿಲ್ಲ. ಬೇಜಾರು ಮಾಡ್ಕೋಬೇಡಿ."

ಹೊರಗೆ ಬಂದಾಗ ಸಿಸ್ಟರ್ ಅಂದರು, "ಇವತ್ತೇ ನಮ್ಮಮ್ಮನಿಗೆ ಫೋನ್ ಮಾಡಿ ಬೈತೀನಿ. ನಲವತ್ತು ವರ್ಷ ತಪ್ಪು ಹೇಳಿಕೊಟ್ಟಿದ್ದಾಳೆ." ಮತ್ತೆ ಅವರು ಆ ಕಡೆ ತಲೆ ಹಾಕಲಿಲ್ಲ.

ಆಮೇಲಿನ ವಾರ ಮೇಷ್ಟ್ರು ನಿಶ್ಚಿತಾರ್ಥಕ್ಕೆಂದು ಒಂದು ತಾಳ ಆರಿಸಿದರು. "ಊರಿಗೆ ಊರೇ ಸೇರಿ ಕುಣಿಯುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ." ಸಿಸ್ಟರನ್ನು ಒಂದು ಮಾತು ಕೇಳೋಣ ಅಂತ ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಅವರ ಹತ್ತಿರ ಸರ್ಟಿಫಿಕೇಟು ಇರಲಿಲ್ಲವಲ್ಲ!

೪. ಬೀಗರ ಪೇಟ

ಕೆಂಟನ್ನಿನ ಒಂದು ಸಭಾಂಗಣ. ಲಗ್ನಪತ್ರಿಕೆ ಓದಿಯಾಗಿತ್ತು. ತಾಂಬೂಲ ಬದಲಾಯಿಸುವ ಮೊದಲು ನಮ್ಮ ಮೇಳ. ಮೇಷ್ಟ್ರು, ನಾನು, ಇನ್ನು ನಾಲ್ವರು ಡೋಲು ಬಡಿಯತೊಡಗಿದೆವು.

ಕರೆದಿದ್ದೆನೆಂದು ಬಂದಿದ್ದ ಸಿಸ್ಟರ್ ಬಾಯಿಯ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತರು. ಬೀಗರೂ ಮೆಲ್ಲಗೆ ಎದ್ದರು, ಪೇಟ ತೆಗೆದರು, ತಲೆ ತಗ್ಗಿಸಿದರು. ನಮ್ಮವರಿಗೆ ಇನ್ನೇನು ಬೇಕು? ಆಫ್ರಿಕಾದ ಪದ್ಧತಿಯಿರಬೇಕೆಂದು ಸಭೆಗೆ ಸಭೆಯೇ ಎದ್ದು ತಲೆ ತಗ್ಗಿಸಿತು. ಡಾಕ್ಟರು ಕಣ್ಣು ಮುಚ್ಚಿ ಬರೀ ಡೋಲಿನಲ್ಲೂ ಮೋಹನ ಹುಡುಕುತ್ತಿದ್ದರು. ಮೇಷ್ಟ್ರು ಮಾತ್ರ "ಕುಣಿಯಿರಿ, ಕುಣಿಯಿರಿ!" ಎಂದು ಕೂಗುತ್ತಲೇ ಇದ್ದರು.

ಡೋಲು ನಿಂತಿತು. ಬೀಗರು ನೇರ ಬಂದು ಡಾಕ್ಟರ ಎರಡೂ ಕೈ ಹಿಡಿದುಕೊಂಡರು. ಮೀಸೆ ಅದುರುತ್ತಿತ್ತು. ದುಃಖಕ್ಕೋ ನಗುವಿಗೋ ಗೊತ್ತಾಗಲಿಲ್ಲ.

"ಹತ್ತು ವರ್ಷ ನಮ್ಮ ದವಾಖಾನಿ ಮುಂದ ಇದನ್ನ ಕೇಳೀನ್ರಿ. ಹೆಣಾ ಒಯ್ಯೋ ಮುಂದ ಬಾರಸ್ತಾರ. ಅಲ್ರೀ ಬೀಗರ, ಯಾರು ತೀರ್ಕೊಂಡ್ರು?"

ಡಾಕ್ಟರು ಸಿಸ್ಟರ್ ಕಡೆ ನೋಡಿದರು. ಸಿಸ್ಟರ್ ಹೌದೆಂದು ತಲೆಯಾಡಿಸಿದರು. ಆಮೇಲೆ ಡಾಕ್ಟರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಇನ್ನೂ ಯಾರೂ ಇಲ್ಲ ಬೀಗರೇ. ಮೊದಲು ತಾಂಬೂಲ ಬದಲಾಯಿಸೋಣ, ಯಾರು ಅಂತ ಆಮೇಲೆ ಹೇಳ್ತೀನಿ."