ಪದಬಂಧವೂ ಮಗನ ಸಂಬಂಧವೂ

ಶಿಕಾರಿಪುರದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಮೊದಲ ಗಿರಾಕಿ ಬರುವವರೆಗೆ ಪತ್ರಿಕೆಯ ಪದಬಂಧ ತುಂಬಿಸುವುದು ನನ್ನ ಅಭ್ಯಾಸ. ಹೀಗೆ ದಿನಾ ತುಂಬಿಸುತ್ತಾ ನಾನು ಜ್ಞಾನಿಯಾದೆ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳಲಿಲ್ಲ.

ಪೆರು ದೇಶದ ರಾಜಧಾನಿ ಲಿಮಾ. ನಕುಲನ ಶಂಖದ ಹೆಸರು ಸುಘೋಷ. ವನ ಎಂದರೆ ಕಾಡು ಮಾತ್ರವಲ್ಲ, ನೀರು ಕೂಡ. ಹಾಗಾಗಿ ವನಜ ಎಂದರೆ ಕಮಲ. ಜಲಜ, ನೀರಜ, ಪಂಕಜ, ಸರೋಜ ಎಂದರೂ ಕಮಲವೇ. ಇಂಥ ಜ್ಞಾನವನ್ನು ಒಬ್ಬನೇ ಇಟ್ಟುಕೊಳ್ಳುವುದು ಸ್ವಾರ್ಥವೆಂದು ಗಿರಾಕಿಗಳಿಗೂ ಹಂಚುತ್ತಿದ್ದೆ. ನಲ್ಲಿಯ ವಾಷರ್ ಕೇಳಿಕೊಂಡು ಬಂದ ಈಸೂರಿನವರೊಬ್ಬರಿಗೆ ಪೆರುವಿನ ರಾಜಧಾನಿ ತಿಳಿಸಿದೆ. ಅವರು ಗಮನವಿಟ್ಟು ಕೇಳಿ, "ವಾಷರ್ ಅಲ್ಲೇ ಸಿಗ್ತಾವೇನ್ರಿ?" ಎಂದರು. ಆಮೇಲೆ ಎದುರಿನ ಅಂಗಡಿಗೆ ಹೋದರು.

ಇಂಥ ಹೊತ್ತಿನಲ್ಲಿ ನಮ್ಮ ಮಗ ಕಿರಣನಿಗೆ ಸೊರಬದಿಂದ ಒಂದು ಸಂಬಂಧ ಬಂತು. ಅವನು ಶಿರಾಳಕೊಪ್ಪದ ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯವರೆಗೆ ಯಾವ ಹುಡುಗಿಯ ಫೋಟೊ ತೋರಿಸಿದರೂ "ಎಮ್ಮೆಗೆ ಔಷಧಿ ಕೊಡಬೇಕು" ಎಂದು ಎದ್ದು ಹೋಗುತ್ತಿದ್ದವನು, ಈ ಫೋಟೊವನ್ನು ವಾಪಸು ಕೊಡಲೇ ಇಲ್ಲ. ಹುಡುಗಿಯ ಹೆಸರು ನೀರಜಾ. ಸೊರಬದ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಾಳೆ. ಭಾನುವಾರ ನಾವು ಮೂವರು ಕಾರಿನಲ್ಲಿ ಹೊರಟೆವು.

ದಾರಿಯಲ್ಲಿ ನನ್ನ ಹೆಂಡತಿ ಪದ್ಮಾ ಹೇಳಿದಳು: "ಇಷ್ಟು ವರ್ಷಕ್ಕೆ ಅವನು ಒಂದು ಹುಡುಗೀನ ಮೆಚ್ಚಿದಾನೆ. ಅಲ್ಲಿ ಹೋದ ಮೇಲೆ ನೀವು ಹೂಂ, ಹೌದು, ಆಗಲಿ, ಇಷ್ಟೇ ಮಾತಾಡ್ರಿ."

"ಒಂದಕ್ಷರ, ಎರಡಕ್ಷರ, ಮೂರಕ್ಷರ. ಚೆನ್ನಾಗಿ ಜೋಡಿಸಿದೀಯ," ಎಂದೆ.

ಕಿರಣ ಕಾರು ನಿಲ್ಲಿಸಿ, ಹಿಂದಕ್ಕೆ ತಿರುಗಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಮತ್ತೆ ಕಾರು ಹೊರಟಿತು.

ಸೊರಬದ ಮನೆಯಲ್ಲಿ ಹುಡುಗಿಯ ತಂದೆ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಹುಡುಗಿಯ ತಾಯಿಯ ತಂದೆ, ಅಂದರೆ ಅಜ್ಜ, ಮನೆಯ ಯಜಮಾನರು; ಅವರಿನ್ನೂ ಸ್ನಾನದಲ್ಲಿದ್ದರು. ನೀರಜಾ ತಟ್ಟೆಯಲ್ಲಿ ಹಾಳೆಯಂತೆ ತೆಳುವಾದ ಸಿಹಿತಿಂಡಿ ತೊಡದೇವು ತಂದಿಟ್ಟಳು. ನಾನು ವಾತ್ಸಲ್ಯದಿಂದ, "ಬಾಮ್ಮ ವನಜಾ, ಕೂತ್ಕೊ," ಎಂದೆ.

ಹುಡುಗಿ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ತಿರುಗಿ ನೋಡಿದಳು.

"ಅವಳು ನೀರಜಾ ರೀ," ಎಂದಳು ಪದ್ಮಾ.

"ಅರ್ಥ ಒಂದೇ ಅಲ್ವಾ?"

"ನನ್ನ ಹೆಸರಿಗೂ ಅದೇ ಅರ್ಥ. ಹಾಗಂತ ಆವತ್ತು ಮಂಟಪದಲ್ಲಿ ಯಾವ ಕಮಲಾನ ಕೂರಿಸಿದ್ರೂ ತಾಳಿ ಕಟ್ಟಿಬಿಡ್ತಿದ್ರಾ?"

ಎಲ್ಲರೂ ನಕ್ಕರು. ಪದ್ಮಾ ಪರಿಸ್ಥಿತಿಯನ್ನು ಕಾಪಾಡಿದ್ದಳು. ಆದರೆ ಆ ನಗುವನ್ನು ನಾನು ನನಗೆ ಸಿಕ್ಕ ಪ್ರೋತ್ಸಾಹ ಎಂದುಕೊಂಡೆ.

ಹುಡುಗಿಯ ತಂದೆ ತಮ್ಮ ಪರಿಚಯ ಹೇಳತೊಡಗಿದರು. "ನಮ್ದು ಮೂಲ ಬಂದಳಿಕೆ. ಅಲ್ಲಿನ ಹಳೇ ದೇವಸ್ಥಾನ ನೀವು ನೋಡಿರಬಹುದು."

ಹೋದ ವಾರವಷ್ಟೇ ಪದಬಂಧದಲ್ಲಿ ಆ ಪದ ಬಂದಿತ್ತು. "ಬಂದಳಿಕೆ ಅಂದ್ರೆ ಇನ್ನೊಂದು ಅರ್ಥ ಇದೆ, ಗೊತ್ತಾ?" ಎಂದು ಶುರು ಮಾಡಿದೆ. "ಅದೊಂದು ಪರಾವಲಂಬಿ ಗಿಡ. ಎಲ್ಲಿಂದಲೋ ಬಂದು ಇನ್ನೊಂದು ಮರದ ಮೇಲೆ ಕೂತ್ಕೊಳ್ಳುತ್ತೆ. ಸ್ವಂತ ಬೇರಿಲ್ಲ, ನೆಲ ಇಲ್ಲ. ಆ ಮರದ ಸಾರ ಹೀರಿಕೊಂಡೇ ಸೊಂಪಾಗಿ ಬೆಳೆಯುತ್ತೆ."

ಯಾರೂ ನಗಲಿಲ್ಲ. ಹುಡುಗಿಯ ತಂದೆ ಸೊಂಪಾಗಿಯೇ ಇದ್ದರು. ಅವರು ಕೈಯಲ್ಲಿದ್ದ ತೊಡದೇವನ್ನು ನಿಧಾನವಾಗಿ ತಟ್ಟೆಗೆ ಇಟ್ಟು, "ಕಾಫಿ ಆಯ್ತಾ ನೋಡ್ತೀನಿ," ಎಂದು ಎದ್ದು ಒಳಗೆ ಹೋದರು.

ಪದ್ಮಾ ನನ್ನ ಕಿವಿಯ ಹತ್ತಿರ ಬಾಗಿದಳು. "ಅವರು ಈ ಮನೆಗೆ ಮನೆ ಅಳಿಯ ಆಗಿ ಬಂದೋರು. ಇಪ್ಪತ್ತೈದು ವರ್ಷದಿಂದ ಮಾವನ ಮನೇಲೇ ಇದಾರೆ."

ಈ ವಿಷಯ ಮೊದಲೇ ಹೇಳಬಾರದಿತ್ತೇ ಎಂದರೆ, ಹೊರಡುವ ಹಿಂದಿನ ದಿನ ಹೇಳಿದ್ದಳಂತೆ. ಆಗ ನಾನು ಸಹದೇವನ ಶಂಖ ಹುಡುಕುತ್ತಿದ್ದೆ.

ಮಕ್ಕಳಿಬ್ಬರೂ ಮಾತಾಡಿಕೊಳ್ಳಲಿ ಎಂದು ಹುಡುಗಿಯ ತಾಯಿ ಅವರನ್ನು ಹಿತ್ತಲಿಗೆ ಕಳಿಸಿ, ಪದ್ಮಾಳನ್ನು ಅಡಿಗೆಮನೆಗೆ ಕರೆದುಕೊಂಡು ಹೋದರು. ನಾನೊಬ್ಬನೇ ಉಳಿದೆ. ಇನ್ನು ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿ, ಸುಮ್ಮನಿರಲು ಅನುಕೂಲವಾಗಲೆಂದು ಟೀಪಾಯಿಯ ಮೇಲಿದ್ದ ಪತ್ರಿಕೆ ಎತ್ತಿಕೊಂಡೆ.

ಅದರಲ್ಲಿ ಪದಬಂಧವಿತ್ತು. ಯಾರೋ ಪೆನ್ಸಿಲ್ಲಿನಲ್ಲಿ ಅರ್ಧ ತುಂಬಿಸಿದ್ದರು. 'ಹಾವು, ಮೂರಕ್ಷರ' ಎಂಬಲ್ಲಿ 'ಪನ್ನಗ' ಎಂದಿತ್ತು. ನನಗೆ ಮೊದಲ ನೋಟಕ್ಕೇ ಅದು 'ಉರಗ' ಎನ್ನಿಸಿತು. ಪಾಪ, ಯಾರಿಗೋ ಸಹಾಯವಾಗಲಿ ಎಂದು ಜೇಬಿನ ಪೆನ್ನಿನಿಂದ ಒತ್ತಿ ತಿದ್ದಿದೆ. ಆಗ ಮೇಲಿನಿಂದ ಕೆಳಕ್ಕೆ ತೊಂದರೆಯಾಯಿತು. ಅಲ್ಲಿ 'ಹಕ್ಕಿ, ಎರಡಕ್ಷರ' ಎಂದು ಕೇಳಿದ್ದರು. ಮೊದಲು 'ಪಕ್ಷಿ' ಎಂದಿದ್ದದ್ದು ಈಗ 'ಉಕ್ಷಿ' ಆಯಿತು. ಉಕ್ಷಿ ಎಂಬ ಹಕ್ಕಿಯೂ ಇರಬಹುದು ಎಂದುಕೊಂಡು ಉಳಿದದ್ದನ್ನೂ ಅದಕ್ಕೆ ಹೊಂದುವಂತೆ ತಿದ್ದಿ ಮುಗಿಸಿದೆ.

ಅಜ್ಜ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಬಂದರು. ಪತ್ರಿಕೆ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಇದನ್ನ ಯಾರು ಬರೆದದ್ದು?"

"ನಾನೇ. ಕೆಲವು ತಪ್ಪಿದ್ವು, ಸರಿ ಮಾಡಿದೆ," ಎಂದೆ.

"ಉಕ್ಷಿ ಅಂದ್ರೆ ಎಂತ ಮಾರಾಯ್ರೆ?"

"ಒಂದು ಹಕ್ಕಿ."

"ಎಲ್ಲಿರ್ತದೆ?"

"ಪೆರು ಕಡೆ."

ಬಾಗಿಲಲ್ಲಿ ಕಿರಣ ನಿಂತಿದ್ದ. ಅವನ ಹಿಂದೆ ನೀರಜಾ. ಇಬ್ಬರೂ ಹಿತ್ತಲಿನಿಂದ ನಗುತ್ತಾ ಬಂದವರು, ಅಜ್ಜನ ಮುಖ ನೋಡಿ ನಗು ನಿಲ್ಲಿಸಿದರು. "ಅಜ್ಜ ಮುಗಿಸೋ ತನಕ ಆ ಪೇಪರ್ ಯಾರೂ ಮುಟ್ಟಲ್ಲ," ಎಂದು ನೀರಜಾ ಮೆಲ್ಲಗೆ ಹೇಳಿದಳು.

"ಅಜ್ಜ, ಐದು ನಿಮಿಷ," ಎಂದು ಕಿರಣ ಹೊರಗೆ ಹೋದ. ಅಷ್ಟು ಹೊತ್ತಿಗೆ ಸೊರಬದ ಅಂಗಡಿಗಳಲ್ಲಿ ಪತ್ರಿಕೆ ಖಾಲಿ. ಬಸ್‌ಸ್ಟ್ಯಾಂಡೆಲ್ಲ ಸುತ್ತಿ, ಕೊನೆಗೆ ಕಟಿಂಗ್ ಶಾಪಿನಲ್ಲಿ ಬೇಡಿಕೊಂಡು ಒಂದು ಪ್ರತಿ ತಂದ. ಮೈಯೆಲ್ಲ ಬೆವರು. ಪತ್ರಿಕೆಯ ಮೇಲಿದ್ದ ಕೂದಲನ್ನು ಒರೆಸಿ ಅಜ್ಜನ ಕೈಗಿತ್ತ.

ಅಜ್ಜ ಅವನನ್ನು ಹತ್ತಿರ ಕೂರಿಸಿಕೊಂಡು, ನನ್ನ ಕಡೆ ಕಣ್ಣು ತೋರಿಸಿ ಕೇಳಿದರು: "ಮನೇಲೂ ದಿನಾ ಹೀಗೇನಾ?"

"ಹೌದಜ್ಜ."

"ಸಿಟ್ಟು ಬರೂದಿಲ್ವಾ?"

"ಬರುತ್ತೆ. ಆದ್ರೂ ಅಪ್ಪ ಅಲ್ವಾ ಅಜ್ಜ."

ನಾವು ಶಿಕಾರಿಪುರಕ್ಕೆ ಹಿಂದಿರುಗಿದೆವು. ಆ ವಾರವೆಲ್ಲ ಸೊರಬದಿಂದ ಫೋನ್ ಬರಲಿಲ್ಲ. ಕಿರಣ ಊಟಕ್ಕೆ ಕೂತಾಗಲೂ ಮೊಬೈಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು. ಅವನು ರೇಗಲಿಲ್ಲ, ಸಾರು ಬೇಕಾ ಅಪ್ಪ ಎಂದು ಕೇಳುತ್ತಿದ್ದ. ನಾನು ಪದಬಂಧದ ಪುಟ ತೆರೆಯದೆ ಪತ್ರಿಕೆಯನ್ನು ಹಾಗೇ ಮೊಳೆ ಕಟ್ಟಲು ಬಳಸುತ್ತಿದ್ದೆ.

ಕೊನೆಗೊಂದು ಸಂಜೆ ಅಜ್ಜನೇ ಫೋನ್ ಮಾಡಿದರು. ಪದ್ಮಾ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಹುಡುಗಿ ಅವತ್ತೇ ಒಪ್ಪಿಯಾಗಿತ್ತು," ಎಂದರು ಅಜ್ಜ. "ನಮ್ಮ ಅಳಿಯಂದ್ರನ್ನ ಸಮಾಧಾನ ಮಾಡೂದು ತಡ ಆಯ್ತು. ನಾನು ಅವರಿಗೆ ಹೇಳಿದ್ದು ಇಷ್ಟೇ. ಅಂಥ ಅಪ್ಪನ ಜೊತೆ ಇಷ್ಟು ವರ್ಷ ತಾಳ್ಮೆಯಿಂದ ಬಾಳಿದ ಹುಡುಗ, ನಮ್ಮ ಮೊಮ್ಮಗಳನ್ನ ಖಂಡಿತ ಚೆನ್ನಾಗಿ ನೋಡ್ಕೋತಾನೆ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಎಲ್ಲಿ ಸಿಕ್ತದೆ ಅಂದೆ. ಅವರೂ ಒಪ್ಪಿದ್ರು."

ಈ ಮದುವೆ ಕೂಡಿಬಂದದ್ದೇ ನನ್ನಿಂದ ಎಂದು ನೆಂಟರಿಗೆಲ್ಲ ಹೇಳುತ್ತಿದ್ದೇನೆ. ಹೇಗೆ ಎಂದು ಯಾರೂ ಕೇಳುತ್ತಿಲ್ಲ. ಪದ್ಮಾ ನನಗಿಂತ ಮೊದಲೇ ಎಲ್ಲರಿಗೂ ಫೋನ್ ಮಾಡಿ ಮುಗಿಸಿದ್ದಾಳೆ.